ಟೈಟಾನಿಯಂ ಸೈಕಲ್ಲಿಗೆ ರೋಣದ ಬುತ್ತಿ

ರೋಣ

ಜರ್ಮನಿಗೆ ಹೋಗಿ ಬಂದೆನೆಂದರೆ ನಮ್ಮೂರಿನವರು ಮೊದಲು ಕೇಳುವುದು ವಿಮಾನದಲ್ಲಿ ಊಟಕ್ಕೆ ಏನು ಕೊಟ್ಟರು ಅಂತ. ಆಮೇಲೆ, ಅಲ್ಲಿ ಏನೇನು ನೋಡಿದಿರಿ ಅಂತ. ಸೈಕಲ್ ನೋಡಿದೆ ಎಂದರೆ ನಗುತ್ತಾರೆ. ಮೂವತ್ತು ವರ್ಷದಿಂದ ರೋಣದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡು ಕೂತವನು, ಸಮುದ್ರ ದಾಟಿ ಹೋಗಿ ಮತ್ತೆ ಸೈಕಲ್ಲನ್ನೇ ನೋಡಿ ಬಂದನಲ್ಲ ಎಂದು ಅವರ ಕನಿಕರ. ನರಗುಂದದ ನನ್ನ ಷಡ್ಡಕನಂತೂ, "ಅಲ್ಲೋ ಖಾದರ, ಕಟಿಂಗ್ ಮಾಡಾವ ಮುಂಬೈಕ್ಕ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದಂಗಾತು ನೋಡು" ಎಂದ. ನಾನೂ ನಕ್ಕೆ. ಆದರೆ ನೋಡಿದ್ದು ಸೈಕಲ್ಲನ್ನೇ. ಇಲ್ಲ ಅಂತ ಹೇಗೆ ಹೇಳಲಿ?

ಆ ಸೈಕಲ್ಲಿನ ಪರಿಚಯ ಮೂರು ವರ್ಷದ ಹಿಂದಿನದು. ವರ್ನರ್ ಎಂಬ ಹಿರಿಯರು ಒಬ್ಬರೇ ಹಂಪಿಯಿಂದ ಬಾದಾಮಿಗೆ ಸೈಕಲ್ ಮೇಲೆ ಹೊರಟಿದ್ದರು. ಅಬ್ಬಿಗೇರಿ ದಾಟಿದ ಮೇಲೆ ಹಿಂದಿನ ಕ್ಯಾರಿಯರಿನ ಬೋಲ್ಟು ಮುರಿಯಿತು. ಯಾರೋ ಪುಣ್ಯಾತ್ಮರು ಸೈಕಲ್ ಸಮೇತ ಅವರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ನನ್ನ ಅಂಗಡಿ ಮುಂದೆ ಇಳಿಸಿದರು. ಬೋಲ್ಟನ್ನು ಅರ್ಧ ತಾಸಿನಲ್ಲಿ ಹಾಕಿಕೊಟ್ಟೆ. ಅವರು ಮಾತ್ರ ಐದು ದಿನ ಉಳಿದರು. ನನ್ನ ಹೆಂಡತಿ ಮಾಬುಬಿ ಒಂದು ಹೊತ್ತು ಉಣ್ಣಲಿಕ್ಕೆ ಇಕ್ಕಿದಳೆಂದರೆ, ಹೋಗಿಬರುತ್ತೇನೆ ಎನ್ನುವ ಮಾತು ಯಾರ ಬಾಯಿಂದಲೂ ಲಗೂ ಬರುವುದಿಲ್ಲ. ಓಣಿಯವರೆಲ್ಲ ಅವರನ್ನು ಕಾಕಾ ಎಂದರು. ಕಾಕಾ ಒಂದಿಷ್ಟು ಕನ್ನಡ ಕಲಿತರು. ಉಳಿದದ್ದಕ್ಕೆ ಅವರದೂ ನನ್ನದೂ ಹರಕು ಇಂಗ್ಲಿಷ್ ಇತ್ತು. ಆ ಇಂಗ್ಲಿಷನ್ನು ನಾನಿಲ್ಲಿ ರೋಣದ ಮಾತಿನಲ್ಲೇ ಬರೆಯುತ್ತೇನೆ. ಹಾಗೆ ಬರೆದರೇ ನನಗೆ ಅವರ ದನಿ ಕೇಳಿಸುತ್ತದೆ.

ಮೊದಲ ದಿನದ ಊಟದಲ್ಲಿ ಕಾಕಾ ಕಾಲು ಚಾಚಿ ಕೂತು ತಾಟನ್ನು ಪಾದದ ಪಕ್ಕ ಇಟ್ಟುಕೊಂಡರು. ಮಾಬುಬಿ ಬಂದವಳೇ ತಾಟು ಎತ್ತಿ ಮಣೆಯ ಮೇಲಿಟ್ಟಳು.

"ಕಾಕಾ, ರೊಟ್ಟಿ ಕಾಲಿನ ಸನೇಕ ಇಡಬಾರದ್ರಿ. ಎತ್ತರಕ ಇಡಬೇಕು."

ನಮ್ಮಲ್ಲಿ ಒಂದು ತುಣುಕು ರೊಟ್ಟಿ ನೆಲಕ್ಕೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಂಡು ಗೋಡೆಯ ಮಾಡದಲ್ಲಿ ಇಡುತ್ತೇವೆ. ನನ್ನ ಅಜ್ಜಿ ಕಲಿಸಿದ್ದು ಅದನ್ನೇ, ಅವಳ ಅಜ್ಜಿ ಕಲಿಸಿದ್ದೂ ಅದನ್ನೇ. ಕಾಕಾ ತಮ್ಮ ಸಣ್ಣ ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ಜರ್ಮನಿಯವರು ಬರೆದುಕೊಂಡದ್ದನ್ನು ಮರೆಯುವುದಿಲ್ಲ. ಆ ಒಂದು ಸಾಲು ಮುಂದೆ ನಮ್ಮಿಬ್ಬರನ್ನೂ ಎಷ್ಟು ಕಾಡಿತು ಎನ್ನುವುದೇ ಈ ಪ್ರವಾಸದ ಕಥೆ.

ಈ ವರ್ಷ ಕಾಕಾ ಟಿಕೆಟ್ ಕಳಿಸಿ, ಮೋಸೆಲ್ ಎಂಬ ನದಿಯ ದಂಡೆಗುಂಟ ಒಂದು ವಾರ ಜೊತೆಗೆ ಸೈಕಲ್ ಹೊಡೆಯೋಣ ಬಾ ಎಂದರು. ಮಾಬುಬಿ ಬುತ್ತಿ ಕಟ್ಟಲು ಕೂತಳು. ಅರವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎನ್ನುವ ಚಟ್ನಿಪುಡಿಗಳು, ಸಿಹಿಗೆ ಮಾದ್ಲಿ, ಕರದಂಟು. ರೊಟ್ಟಿ ಮುರಿಯಬಾರದೆಂದು ಎಲ್ಲವನ್ನೂ ತವರಿನ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿದಳು.

"ಏಳು ದಿನಕ್ಕ ಅರವತ್ತು ರೊಟ್ಟಿ ಯಾತಕ್ಕ?" ಎಂದೆ.

"ನಿಮಗಲ್ಲ, ಕಾಕಾಗ. ಬಂದಾಗ ಹ್ಯಾಂಗ ಸೊರಗಿದ್ರು, ಮರತ್ರೇನು? ಅಲ್ಲಿ ಅವರಿಗಿ ಯಾರ ರೊಟ್ಟಿ ಬಡದ ಹಾಕತಾರ?"

ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಡಬ್ಬಿ ತೆಗೆಸಿದ. ಒಂದು ರೊಟ್ಟಿ ಎತ್ತಿ ಬೆರಳಗೆಣ್ಣಿನಿಂದ ಬಡಿದು ಸಪ್ಪಳ ಕೇಳಿದ. ಏನಿದು ಎಂದ. ಬ್ರೆಡ್ ಎಂದೆ. ಯಾವತ್ತಿನದು ಎಂದ. ಹೋದ ವಾರದ್ದು ಎಂದೆ. ಇದ್ದ ಒಂದು ಬ್ರೆಡ್ಡನ್ನೂ ಈ ಬಡವನಿಂದ ಕಸಿಯುವುದು ಬೇಡ ಎನ್ನುವ ಮುಖ ಮಾಡಿ ಬಿಟ್ಟುಬಿಟ್ಟ.

ಟ್ರೀಯರ್

ಕಾಕಾನ ಮನೆ ಟ್ರೀಯರ್ ಎಂಬ ಊರಲ್ಲಿ. ಅಂಗಳದಲ್ಲಿ ಎರಡು ಸೈಕಲ್ ನಿಂತಿದ್ದವು. ಒಂದು ಅವರ ಹಳೆಯ ಕಬ್ಬಿಣದ್ದು, ನನಗಾಗಿ. ಇನ್ನೊಂದು ರೋಣಕ್ಕೆ ಬಂದಿದ್ದ ಅದೇ ಸೈಕಲ್, ಟೈಟಾನಿಯಂ ಎಂಬ ಲೋಹದ್ದು. ಬಣ್ಣ ಹಚ್ಚಿಲ್ಲ, ಮಳೆಗಾಲದ ಮೋಡದ ಹಾಗೆ ಬೂದು. ತುಕ್ಕು ಹಿಡಿಯುವುದಿಲ್ಲವಂತೆ. ಒಂದೇ ಕೈಯಲ್ಲಿ ಎತ್ತಿದೆ, ಎದ್ದುಬಿಟ್ಟಿತು.

"ಒಂದು ಸುತ್ತು ಹೊಡದ ಬಾ," ಎಂದರು ಕಾಕಾ.

ಬರಿಯ ಸೈಕಲ್ ಹತ್ತಿ ಓಣಿ ಸುತ್ತಿದೆ. ಅಲ್ಲಿನ ಓಣಿಗೆ ಹಳೆಯ ಕಲ್ಲು ಹಾಸಿದ್ದಾರೆ. ನಮ್ಮ ಕಬ್ಬಿಣದ ಸೈಕಲ್ ಆಗಿದ್ದರೆ ಹಲ್ಲು ಲೆಕ್ಕ ಮಾಡಿಕೊಳ್ಳಬೇಕಿತ್ತು. ಇದು ಬಿಗಿಯಾಗಿ ಹಗ್ಗ ಹೆಣೆದ ಹೊರಸು ಮಂಚದ ಹಾಗೆ ಒಂಚೂರು ಬಾಗಿ, ಒಂಚೂರು ಎತ್ತಿ, ಕಲ್ಲಿನ ಪೆಟ್ಟನ್ನೆಲ್ಲ ತಾನೇ ನುಂಗಿತು. ಪೆಡಲ್ ಒತ್ತಿದರೆ ಮುಂದಕ್ಕೆ ಜಿಗಿಯುತ್ತದೆ, ಹಗ್ಗ ಬಿಚ್ಚಿದ ಕರುವಿನ ಹಾಗೆ. ಇಷ್ಟು ಹಗುರಾದ ಸೈಕಲ್ ಮನುಷ್ಯನಿಗೆ ಒಳ್ಳೆಯದಲ್ಲ ಅನ್ನಿಸಿತು. ತನಗೇ ಶಕ್ತಿ ಬಂದಿದೆ ಎಂದು ತಿಳಿಯುತ್ತಾನೆ.

ಅಷ್ಟು ಹಗುರಾದರೂ ಕಾಕಾನಿಗೆ ಸಾಲದು. ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಿಟ್ಟಿದ್ದರು. ನಕ್ಷೆಯಲ್ಲಿ ನಾವು ಹೋಗದ ಊರುಗಳನ್ನು ಕತ್ತರಿಸಿ ತೆಗೆದಿದ್ದರು. ಎರಡೇ ಅಂಗಿ, ಒಂದೇ ಚಮಚ. ಸಾಮಾನನ್ನು ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ತೂಗಿ ಚೀಲಕ್ಕೆ ಹಾಕುತ್ತಿದ್ದರು. ಆಗ ನಾನು ಡಬ್ಬಿ ತಂದು ಮುಂದಿಟ್ಟೆ. ತಕ್ಕಡಿಯ ಮುಳ್ಳು ಒಂದು ಸುತ್ತು ಪೂರ್ತಿ ತಿರುಗಿ ನಿಂತಿತು.

ಕಾಕಾ ಮುಚ್ಚಳ ತೆಗೆದು ಮೂಸಿದರು. "ಮಾಬುಬಿ ಕಳಿಸಿದ್ದು?"

"ಹೌದ್ರಿ ಕಾಕಾ."

"ಹಂಗಾದ್ರ ನನ್ನ ಸೈಕಲ್ ಮ್ಯಾಲ."

ಸೈಕಲ್ಲಿನ ಎರಡೂ ಬದಿಗೆ ತಗಲಿಸುವ ಚೀಲಗಳಿದ್ದವು. ಡಬ್ಬಿಯನ್ನು ಅದರಲ್ಲಿ ಹಾಕಿದರೆ ಕಾಲಿನ ಮಟ್ಟಕ್ಕೆ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ತಲೆ ಅಲ್ಲಾಡಿಸಿ, "ಕಾಲಿನ ಸನೇಕ ಬ್ಯಾಡ," ಎಂದರು. ಕಲಿಸಿದ್ದು ಸಾರ್ಥಕ ಆಯಿತಲ್ಲ ಎಂದು ನನಗೆ ಹೆಮ್ಮೆ. ಡಬ್ಬಿಯನ್ನು ಹಿಂದಿನ ಕ್ಯಾರಿಯರಿನ ತುತ್ತತುದಿಗೆ ಏರಿಸಿ, ರೋಣದಿಂದ ತಂದಿದ್ದ ಹಳೆಯ ಟ್ಯೂಬಿನ ಪಟ್ಟಿಯಿಂದ ನಾನೇ ಬಿಗಿದು ಕಟ್ಟಿದೆ.

ಸಂಜೆ ಮಗಳು ಕಾತ್ರಿನ್ ಬಂದಳು. ನಲವತ್ತರ ಆಸುಪಾಸು, ಅಪ್ಪನಷ್ಟೇ ಎತ್ತರ. ವಯಸ್ಸಾದವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಅಪ್ಪ ಚಹಾ ಮಾಡಲು ಒಳಗೆ ಹೋದದ್ದೇ ಅವಳು ನನ್ನ ಹತ್ತಿರ ಸರಿದಳು.

"ಖಾದರಣ್ಣಾ, ಚಳಿಗಾಲದಾಗ ಪಪ್ಪಾ ಸೈಕಲ್ ಮ್ಯಾಲಿಂದ ಬಿದ್ರು. ಹೆಗಲಿನ ಎಲುಬು ಮುರೀತು. ಅವರ ಕೈ ನಡಗತಾವ ಅಂತ ನನಗ ಅನಸ್ತದ. ಅವರು ಇಲ್ಲ ಅಂತಾರ. ಶನಿವಾರ ಕೋಖೆಮ್‌ಗೆ ನಾನು ಕಾರ್ ತಗೊಂಡು ಬರತೀನಿ. ದಾರಿಯೊಳಗ ಹ್ಯಾಂಡಲ್ ನಡಗಿತು ಅಂದ್ರ ಸೈಕಲ್ ಕಾರಿಗಿ ಕಟ್ಟಿಕೊಂಡು ಹೋಗಿ ಮಾರತೀನಿ. ಪಪ್ಪಾ ಒಪ್ಪ್ಯಾರ. ನೀವು ನೋಡಿದ್ದು ನನಗ ಖರೇ ಹೇಳಬೇಕು."

ನನ್ನ ಅಪ್ಪನಿಗೆ ಹೀಗೆ ಹೇಳುವ ಧೈರ್ಯ ನನಗಂತೂ ಇರಲಿಲ್ಲ. ಆಯಿತು ತಂಗಿ ಎಂದೆ. ಮೆಟ್ಟಿದ ನೆಲ ಹೊಸದು, ಉಂಡ ಮನೆ ಕಾಕಾನದು. ಅಂಥ ಕಡೆ ನಾನು ಸಾಕ್ಷಿದಾರನಾಗಿ ನಿಂತೆ.

ಪೀಸ್‌ಪೋರ್ಟ್

ಮೊದಲ ದಿನ ಬರೀ ನದಿದಂಡೆ. ನಮ್ಮ ಎರಿ ಹೊಲದಷ್ಟೇ ಸಪಾಟು ಹಾದಿ, ಸೈಕಲ್ಲಿಗೆಂದೇ ಮಾಡಿದ್ದು. ಎದುರು ಬಂದವರೆಲ್ಲ "ಮೊರ್ಗೆನ್" ಎಂದು ಮುಂಜಾನೆಯ ನಮಸ್ಕಾರ ಹೇಳುತ್ತಾರೆ, ಅಷ್ಟೇ. ಎಲ್ಲಿಂದ ಬಂದಿರಿ, ಎಷ್ಟು ಮಕ್ಕಳು, ಇಷ್ಟು ವಯಸ್ಸಿಗೆ ಸೈಕಲ್ ಯಾಕೆ, ಒಂದನ್ನೂ ಕೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ಹೊಟ್ಟೆ ಉಬ್ಬರಿಸಿದಂತಾಯಿತು, ಮಾತು ಒಳಗೇ ಉಳಿದು.

ಒಂದು ಊರಲ್ಲಿ ರಸ್ತೆ ದಾಟಬೇಕಿತ್ತು. ಕೆಂಪು ದೀಪ. ಎರಡೂ ಕಡೆ ಕಣ್ಣು ಮುಟ್ಟುವವರೆಗೆ ಒಂದು ಗಾಡಿ ಇಲ್ಲ, ನಾಯಿ ಇಲ್ಲ. ಆದರೂ ಐದಾರು ಮಂದಿ ನಿಂತಿದ್ದಾರೆ. ನಾನು ಸೈಕಲ್ ತಳ್ಳಿಕೊಂಡು ದಾಟಿದೆ. ಒಬ್ಬ ಅಜ್ಜಿ ಏನೋ ಹೇಳಿದಳು. ಮೆಲ್ಲಗೆ ಹೇಳಿದಳು, ಆದರೂ ಎಲ್ಲರೂ ನನ್ನನ್ನೇ ನೋಡಿದರು. ನಾನು ತಿರುಗಿ ಹೋಗಿ ಅವರ ಸಾಲಿನಲ್ಲಿ ನಿಂತು, ಹಸಿರು ಬಂದ ಮೇಲೆ ಮತ್ತೆ ದಾಟಿದೆ. ಕಾಕಾ ಸೈಕಲ್ ಮೇಲೆ ಬಗ್ಗಿ ನಕ್ಕರು.

ಪೀಸ್‌ಪೋರ್ಟ್ ಎಂಬಲ್ಲಿ ತಂಗಿದ ಮನೆ ಗುಡ್ಡದ ಮೇಲಿತ್ತು. ನಮ್ಮ ಗಜೇಂದ್ರಗಡದ ಗುಡ್ಡದ ಪಕ್ಕೆಗೆ ಯಾರಾದರೂ ದ್ರಾಕ್ಷಿ ಹಚ್ಚಿದರೆ ಹೇಗಿರುತ್ತದೋ ಹಾಗೆ. ಮನೆಯ ಯಜಮಾನ ನನಗೆ ಐದು ಬಗೆಯ ದ್ರಾಕ್ಷಾರಸದ ಮದ್ಯ ತೋರಿಸಿದ. ನಾನು ಐದಕ್ಕೂ ಕೈ ಮುಗಿದೆ. ಆಮೇಲೆ ದ್ರಾಕ್ಷಿಯ ಬರೀ ರಸ ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಕಾಯಿಲೆಯವನನ್ನು ನೋಡಿದ ಹಾಗೆ ನೋಡಿದ.

ಮುಂಜಾನೆ ಇಳುಕಲು. ಕಾಕಾ ಮುಂದೆ, ನಾನು ಹಿಂದೆ. ಸೈಕಲ್ ವೇಗ ಹಿಡಿದದ್ದೇ ಮೊದಲು ಡಬ್ಬಿ ಅತ್ತಿತ್ತ ತೂಗಿತು. ಆಮೇಲೆ ಹ್ಯಾಂಡಲ್ ನಡುಗಿತು. ನೋಡನೋಡುತ್ತ ಇಡೀ ಸೈಕಲ್ ಹಾವಿನ ಹಾಗೆ ಹೊಯ್ದಾಡತೊಡಗಿತು. ಕಾಕಾ ಎರಡೂ ಮೊಣಕಾಲನ್ನು ನಡುವಿನ ಪೈಪಿಗೆ ಒತ್ತಿ ಹಿಡಿದು, ಹೇಗೋ ಬ್ರೇಕ್ ಹಾಕಿ ದ್ರಾಕ್ಷಿಯ ಬೇಲಿಗೆ ಹೋಗಿ ನಿಂತರು. ತಮ್ಮ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಕೈ ನಿಜಕ್ಕೂ ನಡುಗುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರ ಕೈ ನಡುಗುವುದಿಲ್ಲ?

"ಆಕಿ ಹೇಳಿದ್ದು ಖರೇ ಆತು," ಎಂದರು. ಉಳಿದ ಇಳುಕಲನ್ನು ಸೈಕಲ್ ಹಿಡಿದುಕೊಂಡು ನಡೆದೇ ಇಳಿದರು.

ನಾನು ಸಮಾಧಾನ ಹೇಳಿದೆ. ಒಳಗೊಳಗೆ ಮಾತ್ರ, ಇದೆಲ್ಲ ಟೈಟಾನಿಯಂನ ದೊಡ್ಡಸ್ತಿಕೆ, ಕಬ್ಬಿಣಕ್ಕೆ ಸಮ ಇನ್ನೊಂದಿಲ್ಲ ಎಂದು ಬೀಗಿದೆ. ನನ್ನ ಅಜ್ಜ ಗಜೇಂದ್ರಗಡದ ಸೀರೆಗಳ ಗಂಟನ್ನು ಕಬ್ಬಿಣದ ಸೈಕಲ್ಲಿಗೆ ಕಟ್ಟಿಕೊಂಡು ಪುರ್ತಗೇರಿ, ಅಬ್ಬಿಗೇರಿ ಎಂದು ಊರೂರು ತಿರುಗಿ ಮಾರಿದವನು. ಒಂದು ದಿನವೂ ಹೀಗೆ ಹೊಯ್ದಾಡಲಿಲ್ಲ. ಅಜ್ಜ ಆ ಗಂಟನ್ನು ಎರಡು ಭಾಗ ಮಾಡಿ ಎರಡೂ ಕಡೆ ಕೆಳಗೆ ಇಳಿಬಿಡುತ್ತಿದ್ದ ಎನ್ನುವುದು ಮಾತ್ರ ಬೀಗುವ ಭರದಲ್ಲಿ ನನಗೆ ನೆನಪಾಗಲಿಲ್ಲ.

ಬರ್ನ್‌ಕಾಸ್ಟೆಲ್

ಮರುದಿನ ಕಾಕಾ ಬರ್ನ್‌ಕಾಸ್ಟೆಲ್ ಎಂಬ ಊರಲ್ಲಿ ಬೇಕರಿಯ ಮುಂದೆ ಕೂತಾಗ, "ಖಾದರ, ಈ ಸೈಕಲ್ ನಿನಗ ಕೊಡ್ತೀನಿ. ರೋಣಕ್ಕ ಒಯ್ಯಿ. ಮಾರೂದು ನನಗ ಆಗೂದಿಲ್ಲ," ಎಂದರು. ಕಳೆದ ಹದಿನೈದು ವರ್ಷ ಅವರ ಜೊತೆ ಇದ್ದದ್ದು ಆ ಸೈಕಲ್ ಒಂದೇ. ಹೆಂಡತಿ ತೀರಿಕೊಂಡ ವರ್ಷ ಅದನ್ನು ಹತ್ತಿ ಹೊರಟವರು, ಇನ್ನೂ ಇಳಿದಿರಲಿಲ್ಲ.

ಕೊಡುವುದು ಆಮೇಲೆ, ಒಮ್ಮೆ ನಾನು ಇದನ್ನು ಭಾರದ ಸಮೇತ ಹೊಡೆದು ನೋಡುತ್ತೇನೆ ಎಂದೆ. ಸೀಟನ್ನು ತಳಕ್ಕೆ ಇಳಿಸಿದರೂ ನನ್ನ ಕಾಲು ಬೆರಳತುದಿಯಲ್ಲಷ್ಟೇ ನೆಲ ಮುಟ್ಟುತ್ತಿತ್ತು. ಊರ ಹಿಂದಿನ ಏರಿಗೆ ತಳ್ಳಿಕೊಂಡು ಹೋಗಿ, ಹತ್ತಿ ಇಳಿಯಬಿಟ್ಟೆ.

ಸ್ವಲ್ಪ ದೂರ ಚಲೋ ಇತ್ತು. ಆಮೇಲೆ ಬೆನ್ನ ಹಿಂದೆ ಯಾರೋ ಕೂತು ಸೊಂಟ ಕುಣಿಸಿದ ಹಾಗಾಯಿತು. ಹ್ಯಾಂಡಲ್ ನನ್ನ ಕೈಯಲ್ಲಿ ಗಡಗಡ ನಡುಗಿತು. ಮೂವತ್ತು ವರ್ಷ ಗಾಲಿಯ ಬೆಂಡು ತೆಗೆದ ಕೈ ನನ್ನದು. ಅದಕ್ಕೆ ನಡುಕ ಇಲ್ಲ. ಮೊಣಕಾಲು ಒತ್ತಿ ಸೈಕಲ್ ನಿಲ್ಲಿಸಿ, ಇಳಿದು, ಹಿಂದೆ ತಿರುಗಿ ನೋಡಿದೆ. ಡಬ್ಬಿ ಇನ್ನೂ ಅತ್ತಿತ್ತ ತೂಗುತ್ತಿತ್ತು.

ಆಗ ತಿಳಿಯಿತು. ಬರಿಯ ಸೈಕಲ್ಲಿನಲ್ಲಿ ನನಗೆ ಸುಖ ಕೊಟ್ಟದ್ದು ಆ ಲೋಹದ ಬಾಗುವ ಗುಣ. ಭಾರ ಕೆಳಗೆ ಎರಡೂ ಕಡೆ ಇದ್ದರೆ ಅದು ತಣ್ಣಗೆ ಇರುತ್ತದೆ. ಹಿಂದೆ, ಎತ್ತರಕ್ಕೆ ಭಾರ ಹೇರಿದರೆ ಅದೇ ಗುಣ ಸೈಕಲ್ಲನ್ನು ತಿರುಚಿ ಹೊಯ್ದಾಡಿಸುತ್ತದೆ. ಸೈಕಲ್ ರಿಪೇರಿಯವನಾಗಿ ನಾನು ಟ್ರೀಯರಿನಲ್ಲೇ ಇದನ್ನು ಹೇಳಬೇಕಿತ್ತು. ಆದರೆ ಅಲ್ಲಿ ಡಬ್ಬಿ ಕಟ್ಟಿದವನು ರಿಪೇರಿಯವನಲ್ಲ, ಮಾಬುಬಿಯ ಗಂಡ. ಇನ್ನು ಕಾಕಾ? ಹದಿನೈದು ವರ್ಷದ ಅನುಭವಸ್ಥರು. ಆದರೆ ಮಗಳು ಚಳಿಗಾಲವಿಡೀ ಕೈ, ಕೈ ಅಂದಿದ್ದಳು. ಅವರು ಕೈಯನ್ನಷ್ಟೇ ನೋಡಿದರು.

ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿದೆ.

"ರೊಟ್ಟಿ ಕಾಲಿನ ಮಟ್ಟಕ್ಕ ಇಳಸಬೇಕಾಗೇದ," ಎಂದೆ.

"ಯಾಕ?"

"ಮ್ಯಾಲ ಇಟ್ರ ಕಾಕಾ ಬೀಳತಾರ."

"ಏನ್ರಿ ನೀವು, ಇದನ್ನೂ ಫೋನ್ ಮಾಡಿ ಕೇಳಬೇಕ? ರೊಟ್ಟಿ ಇರೂದ ಮನಿಷ್ಯಾನ ಸಲುವಾಗಿ. ಲಗೂ ಇಳಸ್ರಿ. ಮತ್ತ, ಮಾದ್ಲಿ ತಿಂದ್ರ?"

ಓಡಿ ಬಂದು ಕಾಕಾನಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಿಮ್ಮ ಮಂದಿ ಭಾಳ ಚಲೋ. ಸುಳ್ಳನ್ನೂ ಚಲೋ ಹೇಳತೀರಿ."

"ಖರೇ ಕಾಕಾ. ಮ್ಯಾಲ ಬರ್ರಿ, ಡಬ್ಬಿ ತಗದು ಇನ್ನೊಮ್ಮೆ ಇಳದು ತೋರಸ್ತೀನಿ."

"ನೀ ಇಳದರ ನನ್ನ ಕೈ ನೆಟ್ಟಗ ಆಗತಾವೇನು? ಸಾಕು, ಖಾದರ. ಇಳುಕಲು ಸಾಕು."

ಡಬ್ಬಿಯನ್ನು ನನ್ನ ಕಬ್ಬಿಣದ ಸೈಕಲ್ಲಿಗೆ ಕಟ್ಟಿಕೊಂಡೆ. ಕಾಕಾ ಬೇಡ ಅನ್ನಲಿಲ್ಲ. ಮುಂದೆ ಹಾದಿಯೆಲ್ಲ ಸಪಾಟು. ಸೈಕಲ್ ನಡುಗಲಿಲ್ಲ, ನಡುಗುವ ಸಂದರ್ಭವೂ ಬರಲಿಲ್ಲ. ಎರಡು ದಿನ ಕಾಕಾ ಮೆಲ್ಲಗೆ, ಆಗಾಗ ಟೈಟಾನಿಯಂ ಪೈಪನ್ನು ಅಂಗೈಯಿಂದ ಸವರುತ್ತ, ಸೈಕಲ್ ಹೊಡೆದರು. ಹಿಂದಿನಿಂದ ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಕೋಖೆಮ್

ಶನಿವಾರ ಕೋಖೆಮ್ ಮುಟ್ಟಿದಾಗ ಕಾತ್ರಿನ್ ಬಂದು ನಿಂತಿದ್ದಳು, ಗುಡ್ಡದ ಬುಡದಲ್ಲಿ, ದ್ರಾಕ್ಷಿ ತೋಟದಿಂದ ಟಾರು ಹಾದಿ ಇಳಿಯುವ ಕಡೆ. ಕಾರಿನ ಹಿಂದೆ ಸೈಕಲ್ ಕಟ್ಟುವ ಸ್ಟ್ಯಾಂಡು ಸಿದ್ಧವಿತ್ತು. ಅಪ್ಪನನ್ನು ಅಪ್ಪಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಡಗಿತೇನು, ಖಾದರಣ್ಣಾ?"

ಕಾಕಾ ಬೂಟಿನ ಲಾಡಿ ನೋಡುತ್ತ ನಿಂತರು. ಒಪ್ಪಿಕೊಂಡ ಮಾತಿಗೆ ತಪ್ಪಲಾರದೆ, "ನಡಗಿತು," ಎಂದೆ. ಅವಳು ಕಣ್ಣು ಮುಚ್ಚಿ ತೆರೆದಳು. "ಆದ್ರ ನನ್ನ ಕೈಯಾಗೂ ನಡಗಿತು," ಎಂದು ಡಬ್ಬಿಯ ಕಥೆ ಪೂರ್ತಿ ಹೇಳಿದೆ. ಕಾಲಿನ ಮಟ್ಟಕ್ಕೆ ರೊಟ್ಟಿ ಇಡಬಾರದು ಎನ್ನುವುದರಿಂದ ಹಿಡಿದು.

ಅವಳು ನಕ್ಕಳು. ನಂಬಿದ ನಗುವಲ್ಲ ಅದು. "ನೀವು ಅತಿಥಿ. ಪಪ್ಪಾನ ಮರ್ಯಾದಿ ಕಾಯಲಿಕ್ಕೆ ಹಿಂಗ ಅಂತೀರಿ."

"ಹಂಗಾದ್ರ ನೀವ ಹೊಡದ ನೋಡ್ರಿ, ತಂಗಿ. ನಿಮ್ಮ ಕೈ ಮ್ಯಾಲ ನಿಮಗ ಭರೋಸಾ ಅದ ಅಲ್ಲ?"

ಡಬ್ಬಿಯನ್ನು ಮತ್ತೆ ಟೈಟಾನಿಯಂ ಸೈಕಲ್ಲಿನ ಮೇಲೆ ಏರಿಸಿ ಕಟ್ಟಿದೆ. ನಡುಗಿದರೆ ಮೊಣಕಾಲು ಪೈಪಿಗೆ ಒತ್ತಬೇಕು ಎಂದು ತೋರಿಸಿಕೊಟ್ಟೆ. ಕಾಕಾ ಬೇಡ, ಬೇಡ ಎಂದರು. ಅವಳು ಹೆಲ್ಮೆಟ್ ಹಾಕಿಕೊಂಡು ಮೇಲೆ ಹೋದಳು. ಇಳಿಯತೊಡಗಿದಳು. ಅರ್ಧ ಹಾದಿಯಲ್ಲಿ ಮುಂದಿನ ಗಾಲಿ ಹೊಯ್ದಾಡಿದ್ದು ಕೆಳಗಿನಿಂದಲೇ ಕಂಡಿತು. ಮೊಣಕಾಲು ಒತ್ತಿದಳು, ನಿಂತಳು, ನಡೆದು ಬಂದಳು. ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಇದೇನು ಇವರ ಮನೆತನದ ಪದ್ಧತಿಯೋ ಅನ್ನಿಸಿತು ನನಗೆ.

ಡಬ್ಬಿ ಬಿಚ್ಚಿದೆ. ಉಳಿದ ರೊಟ್ಟಿ, ಹಿಂಡಿ, ಎಲ್ಲವನ್ನೂ ಸಮ ಎರಡು ಪಾಲು ಮಾಡಿ ಮುಂದಿನ ಗಾಲಿಯ ಎರಡೂ ಬದಿಯ ಚೀಲಗಳ ತಳಕ್ಕೆ ಇಳಿಸಿದೆ. ರಸ್ತೆಯ ಧೂಳಿಗೆ, ಕೆಸರಿಗೆ, ಕಾಲಿಗೆ ಹತ್ತಿರ. ತೋಬಾ ಎಂದು ಮನಸ್ಸಿನಲ್ಲೇ ಕೆನ್ನೆಗೆ ಹೊಡೆದುಕೊಂಡೆ. ಕಾತ್ರಿನ್ ಮತ್ತೆ ಮೇಲೆ ಹೋದಳು.

ಈ ಸಲ ಸೈಕಲ್ ನೀರು ಹರಿದ ಹಾಗೆ ಬಂತು. ಹೆಚ್ಚುಕಮ್ಮಿ ಅಷ್ಟೇ ಭಾರ, ಅದೇ ಹಾದಿ, ಹ್ಯಾಂಡಲ್ ಒಂದು ಕೂದಲೆಳೆ ಅಲುಗಲಿಲ್ಲ. ಬರಿಯ ಸೈಕಲ್ಲಿನಲ್ಲಿ ಕರುವಿನ ಚೆಲ್ಲಾಟ ಇತ್ತು ಎಂದೆನಲ್ಲ, ಭಾರ ನೆಲೆ ನಿಂತ ಮೇಲೆ ಅದಕ್ಕೊಂದು ಗಾಂಭೀರ್ಯ ಬಂದಿತ್ತು. ಕಾತ್ರಿನ್ ನಮ್ಮ ಮುಂದೆಯೇ ಹಾದುಹೋದಳು. ನಿಲ್ಲಲಿಲ್ಲ. ನದಿದಂಡೆಗೆ ತಿರುಗಿ, ಸೇತುವೆ ದಾಟಿ, ಮರೆಯಾದಳು.

ಕಾಕಾ ನನ್ನನ್ನು ನೋಡಿದರು. "ನೀ ಹೇಳಿದ್ದು ಖರೇ ಇತ್ತೇನು?"

"ಎರಡು ದಿನದಿಂದ ಹೇಳಾಕ ಹತ್ತೀನಿ, ಕಾಕಾ."

ಅರ್ಧ ತಾಸಾದ ಮೇಲೆ ಬಂದಳು. ಕೆನ್ನೆ ಕೆಂಪಾಗಿತ್ತು. ಇಳಿಯದೆಯೇ ಅಪ್ಪನಿಗೆ ಜರ್ಮನ್‌ನಲ್ಲಿ ಏನೋ ಹೇಳಿದಳು. ಕಾಕಾ ಅದನ್ನು ನನಗೆ ಬಿಡಿಸಿ ಹೇಳಿದರು. "ನನ್ನ ಕೈಯಾಗ ಏನೂ ದೋಷ ಇಲ್ಲಂತ. ಎಷ್ಟು ವರ್ಷ ಬೇಕಾದ್ರೂ ಹೊಡೀರಿ ಅಂದ್ಲು. ಆದ್ರ ಇವತ್ತು ಮುಂದಿನ ಊರಿನತನಕ ಆಕೀನ ಹೊಡೀತಾಳಂತ. ನಾವು ಕಾರಿನಾಗ ಬರಬೇಕಂತ."

ಸೈಕಲ್ ಒಯ್ಯಲು ತಂದ ಸ್ಟ್ಯಾಂಡಿಗೆ ನನ್ನ ಕಬ್ಬಿಣದ ಸೈಕಲ್ ಕಟ್ಟಿದೆವು. ಕಾಕಾ ಕಾರು ಹೊಡೆದರು. ಸ್ಟಿಯರಿಂಗ್ ಮೇಲೆ ಅವರ ಎರಡೂ ಕೈ ಕಲ್ಲಿನ ಹಾಗೆ ನಿಂತಿದ್ದವು. ಬಾಯಿ ಮಾತ್ರ ನಿಲ್ಲಲಿಲ್ಲ. ನದಿಯ ಆಚೆ ದಂಡೆಯಲ್ಲಿ ಮಗಳು ಕಂಡಾಗಲೆಲ್ಲ ಗ್ಲಾಸು ಇಳಿಸಿ, ತಿರುವಿನಾಗ ಬ್ರೇಕ್ ಹಿಡೀಬ್ಯಾಡ, ಗೇರ್ ಬದಲಸು, ಎಂದು ಕೂಗುತ್ತಿದ್ದರು. ಅಷ್ಟು ದೂರ ಅವಳಿಗೆ ಕೇಳಿಸುವ ಹಾಗಿರಲಿಲ್ಲ.

"ಸಂಜಿಗಿ ವಾಪಸ್ ಕೊಡತಾರಲ್ಲ, ಕಾಕಾ?" ಎಂದೆ.

"ಕೊಡೂದಿಲ್ಲ. ಆಕೀನ ನಾ ಬಲ್ಲೆ," ಎಂದರು.

ಸೈಕಲ್ ಕಳೆದುಕೊಂಡವರು ನನ್ನ ಅಂಗಡಿಗೆ ಎಷ್ಟೋ ಮಂದಿ ಬಂದಿದ್ದಾರೆ. ಆದರೆ ಇಷ್ಟು ಖುಷಿಯಿಂದ ಕಳೆದುಕೊಂಡವರನ್ನು ನಾನು ಕಂಡಿರಲಿಲ್ಲ.